ಆಂಜಿಯೋಗ್ರಾಮ್ ಆದ ಮೇಲೆ ತೊಡೆಸಂದಿಯಲ್ಲಿ ಗಂಟು ಬಂದರೆ ದಯವಿಟ್ಟು ಉಜ್ಜಬೇಡಿ

ನಮ್ಮಪ್ಪನಿಗೆ ಆಗಿದ್ದನ್ನು ಬರೆಯುತ್ತಿದ್ದೇನೆ. ಕೊಡಗಿನಿಂದ ಮೈಸೂರಿಗೋ ಮಂಗಳೂರಿಗೋ ಹೋಗಿ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬರುವವರು ನಮ್ಮ ಸುತ್ತ ಎಷ್ಟೋ ಜನ ಇದ್ದಾರೆ. ಅವರ ಮನೆಯವರು ಇದನ್ನು ಪೂರ್ತಿ ಓದಬೇಕು ಅಂತ ಆಸೆ.

ನಮ್ಮ ಮನೆ ಮಡಿಕೇರಿಯಿಂದ ಭಾಗಮಂಡಲಕ್ಕೆ ಹೋಗುವ ದಾರಿಯಲ್ಲಿ, ಚೇರಂಬಾಣೆ ಹತ್ತಿರ. ಅಪ್ಪನಿಗೆ 67 ವರ್ಷ. ಸಕ್ಕರೆ ಕಾಯಿಲೆ 18 ವರ್ಷದಿಂದ ಇದೆ. ಜನವರಿಯಲ್ಲಿ, ಕಾಫಿ ಕೊಯ್ಲು ನಡೆಯುತ್ತಿದ್ದಾಗ, ತೋಟದಲ್ಲೇ ಎದೆ ಹಿಡಿದುಕೊಂಡು ಕೂತುಬಿಟ್ಟರು. ಮಡಿಕೇರಿಯಲ್ಲಿ ಇಸಿಜಿ ನೋಡಿದ ಡಾಕ್ಟರು ತಡ ಮಾಡಬೇಡಿ ಅಂದರು. ಅದೇ ದಿನ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಕೈ ಮಣಿಕಟ್ಟಿನ ರಕ್ತನಾಳ ತುಂಬಾ ಸಣ್ಣದಿದೆ ಅಂತ ತೊಡೆಸಂದಿಯಿಂದ ನಳಿಕೆ ಹಾಕಿ ಸ್ಟೆಂಟ್ ಕೂರಿಸಿದರು. ಹೃದಯದ ಕೆಲಸ ಚೆನ್ನಾಗಿಯೇ ಆಯಿತು. ಅದಕ್ಕೆ ಆ ಡಾಕ್ಟರಿಗೆ ನಾನು ಈಗಲೂ ಋಣಿ.

ತೊಂದರೆ ಶುರುವಾಗಿದ್ದು ನಳಿಕೆ ತೆಗೆದ ಜಾಗದಲ್ಲಿ.

ಹತ್ತು ವರ್ಷದ ಹಿಂದೆ ನಮ್ಮ ದೊಡ್ಡಪ್ಪನಿಗೆ ಹೀಗೇ ಆಂಜಿಯೋಗ್ರಾಮ್ ಆಗಿತ್ತು. ಆಗ ನಳಿಕೆ ಎಳೆದ ಮೇಲೆ ಒಬ್ಬರು ಹತ್ತಿಪ್ಪತ್ತು ನಿಮಿಷ ಆ ಜಾಗವನ್ನು ಕೈಯಿಂದಲೇ ಒತ್ತಿ ಹಿಡಿದಿದ್ದರು. ಆಮೇಲೆ ಮರಳಿನ ಚೀಲ ಇಟ್ಟು, ಆರು ಗಂಟೆ ಕಾಲು ಮಡಚದ ಹಾಗೆ ಮಲಗಿಸಿದ್ದರು. ಅಪ್ಪನಿಗೆ ಅದು ಯಾವುದೂ ಇರಲಿಲ್ಲ. ಮೂರ್ನಾಲ್ಕು ಗಂಟೆಯಲ್ಲೇ ಎದ್ದು ಬಾತ್‌ರೂಮಿಗೆ ನಡೆದುಕೊಂಡು ಹೋದರು. ನಮಗೆ ಖುಷಿಯೋ ಖುಷಿ. ಕಾಲ ಎಷ್ಟು ಮುಂದುವರಿದಿದೆ ಅಂದುಕೊಂಡೆವು. ಯಾಕೆ ಹೀಗೆ ಅಂತ ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮರುದಿನ ಬೆಳಿಗ್ಗೆಯೇ ಡಿಸ್ಚಾರ್ಜ್.

ಬಿಲ್ಲಿನಲ್ಲಿ ‘ಕ್ಲೋಷರ್ ಡಿವೈಸ್’ ಅಂತ ಒಂದು ಸಾಲು ಇತ್ತು. ಡಿಸ್ಚಾರ್ಜ್ ಕಾಗದದಲ್ಲಿ ಅದರ ಹೆಸರೇ ಇರಲಿಲ್ಲ.

ಅದು ಏನು ಅಂತ ನನಗೆ ಗೊತ್ತಾಗಿದ್ದು ಎಲ್ಲಾ ಆದ ಮೇಲೆ. ರಕ್ತನಾಳಕ್ಕೆ ಚರ್ಮದ ಹೊರಗಿನಿಂದಲೇ ಹೊಲಿಗೆ ಹಾಕುವ ಸಾಧನ ಅದು. ನಳಿಕೆ ಇದ್ದ ದಾರಿಯಲ್ಲೇ ಒಳಗೆ ಹೋಗುತ್ತದೆ. ರಕ್ತನಾಳದ ಒಳಗೆ ಒಂದು ಪುಟ್ಟ ಪಾದ ಬಿಚ್ಚಿಕೊಂಡು ಗೋಡೆಗೆ ಒತ್ತಿ ನಿಲ್ಲುತ್ತದೆ. ತೂತಿನ ಎರಡೂ ಬದಿಗೆ ಎರಡು ಸೂಜಿ ಇಳಿದು ದಾರವನ್ನು ಮೇಲಕ್ಕೆ ತರುತ್ತವೆ. ದಾರಕ್ಕೆ ಮೊದಲೇ ಹಾಕಿಟ್ಟ ಗಂಟನ್ನು ಕೆಳಗೆ ಜಾರಿಸಿ ಬಿಗಿದರೆ ತೂತು ಮುಚ್ಚುತ್ತದೆ. ದಾರ ಪಾಲಿಪ್ರೊಪಿಲೀನಿನದು, ಕರಗುವುದಿಲ್ಲ, ಜೀವಮಾನವೆಲ್ಲ ಅಲ್ಲೇ ಇರುತ್ತದೆ. ಇನ್ನೊಂದು ಬಗೆಯ ಸಾಧನದಲ್ಲಿ ಹೊಲಿಗೆ ಇಲ್ಲ, ಕೊಲಾಜೆನ್‌ನ ಬಿರಡೆ ಕೂರಿಸುತ್ತಾರೆ. ಅದು ಸುಮಾರು ಮೂರು ತಿಂಗಳಲ್ಲಿ ಕರಗುತ್ತದೆ. ಎರಡೂ ಒಳ್ಳೆಯ ಸಾಧನಗಳೇ, ಸಾವಿರಾರು ಜನರಿಗೆ ಉಪಯೋಗವಾಗಿವೆ. ಅದರ ಬಗ್ಗೆ ನನಗೆ ಜಗಳವಿಲ್ಲ. ಅಪ್ಪನ ಕಾಲಿನಲ್ಲಿ ಏನಿದೆ ಅಂತ ನಮಗೆ ಹೇಳಲಿಲ್ಲವಲ್ಲ, ನನಗೆ ನೋವಾಗಿದ್ದು ಅದಕ್ಕೆ.

ಆ ಬೆಳಿಗ್ಗೆ ಮೈಸೂರು ಬಿಟ್ಟೆವು. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ತನಕ ಅಪ್ಪ ಆರಾಮಾಗಿ ಮಾತಾಡುತ್ತಿದ್ದರು. ಕುಶಾಲನಗರ ದಾಟಿ ಸುಂಟಿಕೊಪ್ಪದ ತಿರುವುಗಳು ಶುರುವಾದ ಮೇಲೆ ಸುಮ್ಮನಾದರು. ಪ್ರತಿ ತಿರುವಿಗೂ ಬಲಗಾಲು ಊರಿ ಬಿಗಿಯಾಗಿ ಕೂರುತ್ತಿದ್ದರು. ಮಡಿಕೇರಿಯಿಂದ ಮನೆವರೆಗಿನ ದಾರಿ ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಕುಕ್ಕರಗಾಲಲ್ಲಿ ಕೂರುವ ಪಾಯಿಖಾನೆ. ಮಾರನೇ ದಿನ ನಾನು ಒಳಗೆ ಅಡುಗೆ ಮಾಡುತ್ತಿದ್ದಾಗ ಕಣಕ್ಕೆ ಹೋಗಿ ಒಣಹಾಕಿದ ಕಾಫಿ ಕೆದಕಿ ಬಂದಿದ್ದರು. ನಡೆಯಬಹುದು ಅಂದಿದ್ದಾರೆ ಅಲ್ವಾ, ಇದೂ ನಡಿಗೆಯೇ ಅನ್ನುವುದು ಅವರ ಲೆಕ್ಕ.

ಮೂರನೇ ದಿನ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಆಸ್ಪತ್ರೆಗೆ ಫೋನ್ ಮಾಡಿದೆ. ಎತ್ತಿದವರು ‘ಸ್ವಲ್ಪ ಊತ ಮಾಮೂಲಿ, ಕಡಿಮೆಯಾಗುತ್ತೆ’ ಅಂದರು. ಗಂಟು ಮಿಡಿಯುತ್ತಿದೆಯಾ ಅಂತ ಅವರು ಕೇಳಲಿಲ್ಲ. ಕೇಳಬೇಕಾಗಿದ್ದ ಒಂದೇ ಪ್ರಶ್ನೆ ಅದಾಗಿತ್ತು.

ಸಂಜೆ ಸೋದರತ್ತೆ ನೋಡಲು ಬಂದರು. ‘ನರ ಎಳೆದಿದೆ ಅಣ್ಣಾ, ಕಾರಲ್ಲಿ ಅಷ್ಟು ಹೊತ್ತು ಕೂತದ್ದಲ್ವಾ’ ಅಂದರು. ಎಣ್ಣೆ ಬಿಸಿ ಮಾಡಿ ಉಜ್ಜಿದರು. ಬಿಸಿನೀರಿನ ಬಟ್ಟೆಯಲ್ಲಿ ಶಾಖವನ್ನೂ ಕೊಟ್ಟರು. ಅತ್ತೆಯ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ. ನಾನೇ ನೀರು ಕಾಯಿಸಿ ಕೊಟ್ಟವಳು. ನಮ್ಮ ಮಾತಿನಲ್ಲಿ ರಕ್ತ ಹರಿಯುವ ನಾಳವೂ ನರ, ಸ್ನಾಯು ಹಿಡಿದುಕೊಂಡರೂ ನರ, ಕಾಲು ಜೋಮು ಹಿಡಿದರೂ ನರ. ನರ ಅಂದ ಕೂಡಲೇ ಕೈ ಎಣ್ಣೆ ಬಟ್ಟಲಿಗೆ ಹೋಗುತ್ತದೆ. ಇಲ್ಲಿ ‘ನರ’ ಅಂದದ್ದು ಕಾಲಿಗೆ ರಕ್ತ ಕೊಡುವ ದೊಡ್ಡ ಅಪಧಮನಿ, ಅದರಲ್ಲಿ ತೂತು, ತೂತಿನ ಮೇಲೆ ಒಂದೇ ಒಂದು ಹೊಲಿಗೆ. ಇಷ್ಟು ಗೊತ್ತಿದ್ದಿದ್ದರೆ ನಾವು ಮುಟ್ಟುತ್ತಲೇ ಇರಲಿಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಅಪ್ಪ ‘ಮಗಾ, ಇಲ್ಲಿ ಎದೆ ಬಡಿದ ಹಾಗೆ ಬಡೀತಿದೆ’ ಅಂದರು. ಕೈ ಇಟ್ಟು ನೋಡಿದೆ. ಗಂಟು ಕೈ ತುಂಬುವಷ್ಟಾಗಿತ್ತು. ಒಳಗೆ ಏನೋ ಜುಯ್ ಅಂತ ಹರಿದ ಹಾಗೆ ಬೆರಳಿಗೆ ತಾಗಿತು. ಮೇಲಿನ ಚರ್ಮ ಕೆಂಪಾಗಿ ಹೊಳೆಯುತ್ತಿತ್ತು. ಪಕ್ಕದ ಮನೆಯವರ ಜೀಪಿನಲ್ಲಿ ಹಿಂದಿನ ಸೀಟಿಗೆ ಅಡ್ಡ ಮಲಗಿಸಿ ಮಡಿಕೇರಿಗೆ ಕರೆತಂದೆವು.

ಅಲ್ಲಿ ಡ್ಯೂಟಿ ಡಾಕ್ಟರು ಗಂಟಿನ ಮೇಲೆ ಸ್ಟೆತಸ್ಕೋಪ್ ಇಟ್ಟು ಕೇಳಿದ ಕೂಡಲೇ ಹೇಳಿದರು, ರಕ್ತನಾಳ ಸೋರುತ್ತಿದೆ ಅಂತ. ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿನಲ್ಲೂ ಅದೇ ಬಂತು. ಇದಕ್ಕೆ ಸ್ಯೂಡೋಅನ್ಯೂರಿಸಮ್ ಅನ್ನುತ್ತಾರೆ. ತೂತಿನಿಂದ ಹೊರಬಂದ ರಕ್ತ ಸುತ್ತಲಿನ ಮಾಂಸದ ನಡುವೆ ಚೀಲದ ಹಾಗೆ ನಿಂತು, ಹೃದಯ ಬಡಿದಾಗಲೆಲ್ಲ ಒಳಗೆ ಹೊರಗೆ ಹೋಗುತ್ತಿರುತ್ತದೆ. ಯಾವ ಸಾಧನ ಹಾಕಿದ್ದಾರೆ ಅಂತ ಅವರು ಕೇಳಿದರು. ನಮ್ಮ ಕೈಯಲ್ಲಿದ್ದದ್ದು ಬಿಲ್ಲಿನ ಆ ಒಂದು ಸಾಲು ಮಾತ್ರ.

ಆಂಬುಲೆನ್ಸಿನಲ್ಲಿ ಮತ್ತೆ ಮೈಸೂರು. ಈ ಸಲ ಬೇರೆ ಆಸ್ಪತ್ರೆ, ರಕ್ತನಾಳದ ಸರ್ಜನ್ ಇರುವ ಕಡೆ. ಇಂಥ ಗಂಟು ಸಣ್ಣದಿದ್ದರೆ, ಅದು ರಕ್ತನಾಳಕ್ಕೆ ಸೇರುವ ಕತ್ತು ಕಿರಿದಾಗಿದ್ದರೆ, ಸ್ಕ್ಯಾನ್ ನೋಡಿಕೊಂಡೇ ತ್ರಾಂಬಿನ್ ಅನ್ನುವ ಮದ್ದನ್ನು ಒಳಗೆ ಚುಚ್ಚಿ ಹೆಪ್ಪುಗಟ್ಟಿಸುತ್ತಾರಂತೆ. ಆಪರೇಷನ್ ಬೇಕಾಗುವುದಿಲ್ಲ. ಅಪ್ಪನದು ಕತ್ತು ಅಗಲವಾಗಿತ್ತು, ಚರ್ಮವೂ ತೆಳ್ಳಗಾಗಿತ್ತು. ಹಾಗಾಗಿ ತೊಡೆಸಂದಿ ಕುಯ್ದು, ಕೈಯಿಂದಲೇ ಹೊಲಿಗೆ ಹಾಕಿದರು. ಹೊರಗೆ ಬೆಂಚಿನ ಮೇಲೆ ಕೂತು ನಾನು ಫೋನಿನಲ್ಲಿ ಓದುತ್ತಿದ್ದೆ. ರಕ್ತನಾಳವನ್ನು ಹೊಲಿಯುವ ವಿಧಾನಕ್ಕಾಗಿ ಅಲೆಕ್ಸಿಸ್ ಕ್ಯಾರೆಲ್ ಅನ್ನುವ ಫ್ರೆಂಚ್ ಸರ್ಜನ್‌ಗೆ 1912ರಲ್ಲೇ ನೊಬೆಲ್ ಬಂದಿತ್ತಂತೆ. ನೂರು ವರ್ಷಕ್ಕಿಂತ ಹಳೆಯ ವಿದ್ಯೆ ಅಂತ ತಿಳಿದು ಆ ಹೊತ್ತಿನಲ್ಲಿ ಸ್ವಲ್ಪ ಧೈರ್ಯ ಬಂತು.

ಆಪರೇಷನ್ ಆದ ಮೇಲೆ ಸರ್ಜನ್ ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಸಕ್ಕರೆ ಕಾಯಿಲೆಯಿಂದ ಅಪ್ಪನ ರಕ್ತನಾಳದ ಮುಂದಿನ ಗೋಡೆಯಲ್ಲಿ ಕ್ಯಾಲ್ಸಿಯಂ ಗಟ್ಟಿಯಾಗಿ ಕಟ್ಟಿತ್ತು. ಅಂಥ ಕಡೆ ಸೂಜಿ ಸರಿಯಾಗಿ ದಾಟುವುದಿಲ್ಲ, ದಾರದ ಗಂಟು ಕೂರುವುದಿಲ್ಲ. ಜೊತೆಗೆ ಚುಚ್ಚಿದ್ದು ಸ್ವಲ್ಪ ಕೆಳಗೆ, ರಕ್ತನಾಳ ಎರಡಾಗಿ ಒಡೆಯುವ ಹತ್ತಿರ. ಸಾಧನ ಹಾಕುವ ಮೊದಲು ಎಕ್ಸ್‌ರೇಯಲ್ಲಿ ಕಾಣುವ ಡೈ ಬಿಟ್ಟೋ ಅಲ್ಟ್ರಾಸೌಂಡಿನಲ್ಲೋ ಆ ಜಾಗವನ್ನು ನೋಡಿಕೊಳ್ಳುವುದು ಒಳ್ಳೆಯದು ಅಂದರು. ‘ಪ್ರಯಾಣದಿಂದ ಆಯಿತಾ ಸಾರ್, ಉಜ್ಜಿದ್ದರಿಂದ ಆಯಿತಾ’ ಅಂತ ಕೇಳಿದೆ. ‘ಇದರಿಂದಲೇ ಅಂತ ಹೇಳಕ್ಕಾಗಲ್ಲಮ್ಮ, ಉಜ್ಜಿದ್ದು ಖಂಡಿತ ಒಳ್ಳೆಯದು ಮಾಡಲಿಲ್ಲ’ ಅಂದರು.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ತೊಡೆಯಿಂದ ಮಾಡುತ್ತೇವೆ ಅಂದರೆ, ಕೈ ಮಣಿಕಟ್ಟಿನಿಂದ ಆಗುವುದಿಲ್ಲವಾ ಅಂತ ಮೊದಲು ಕೇಳಿ. ಮುಗಿದ ಮೇಲೆ ತೂತನ್ನು ಹೇಗೆ ಮುಚ್ಚಿದಿರಿ, ಒತ್ತಿಯೋ, ಹೊಲಿಗೆಯೋ, ಬಿರಡೆಯೋ ಅಂತ ಕೇಳಿ. ಡಿಸ್ಚಾರ್ಜ್ ಕಾಗದದಲ್ಲಿ ಅದನ್ನು ಬರೆಸಿಕೊಳ್ಳಿ. ಡಬ್ಬಿಯ ಮೇಲೆ ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇರುತ್ತದೆ, ಅದನ್ನೂ ಕೇಳಿ ಪಡೆಯಿರಿ. ಮುಂದೆ ಯಾವತ್ತಾದರೂ ಅದೇ ಜಾಗದಲ್ಲಿ ಚುಚ್ಚಬೇಕಾದರೆ ಡಾಕ್ಟರಿಗೆ ಇದು ಬೇಕು. ಮನೆ ಕೊಡಗಿನ ಒಳಗಡೆ ಇದ್ದರೆ, ಆಗುವುದಾದರೆ ಇನ್ನೊಂದು ರಾತ್ರಿ ಪೇಟೆಯಲ್ಲೇ ಉಳಿಯಿರಿ. ಲಾಡ್ಜಿನ ಬಾಡಿಗೆ ನೋಡಬೇಡಿ. ಹೊರಡುವ ಮೊದಲು ಆ ಜಾಗವನ್ನು ಡಾಕ್ಟರು ಮುಟ್ಟಿ ನೋಡಲಿ.

ಮನೆಗೆ ಬಂದ ಮೇಲೆ ಗಂಟು ದೊಡ್ಡದಾಗುತ್ತಿದ್ದರೆ, ಮಿಡಿಯುತ್ತಿದ್ದರೆ ಕಾಯಬೇಡಿ. ಕಾಲು ತಣ್ಣಗಾಗಿ ಬಿಳಿಚಿಕೊಂಡರೆ, ಜೋಮು ಹಿಡಿದರೆ ಇನ್ನೂ ಅವಸರ, ರಕ್ತ ಕೆಳಗೆ ಹೋಗುತ್ತಿಲ್ಲ ಅಂತ ಅರ್ಥ. ಹೊರಗೆ ಒಂದು ಹನಿ ರಕ್ತ ಕಾಣದೆಯೂ ಒಳಗೆ ಸೋರಬಹುದು. ಆಗ ಸೊಂಟವೋ ಕಿಬ್ಬೊಟ್ಟೆಯೋ ನೋಯುತ್ತದೆ, ಬೆವರು, ತಲೆಸುತ್ತು ಬರುತ್ತದೆ. ಜ್ವರ, ಕೀವು ಬಂದರೂ ತೋರಿಸಿ, ಒಳಗೆ ದಾರ ಇದೆ. ರಕ್ತ ಚಿಮ್ಮಿದರೆ ನೇರ ಮಲಗಿಸಿ, ಚರ್ಮದ ತೂತಿಗಿಂತ ಸ್ವಲ್ಪ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿದು 108ಕ್ಕೆ ಫೋನ್ ಮಾಡಿ. ನಿಂತಿತಾ ಅಂತ ಕೈ ತೆಗೆದು ತೆಗೆದು ನೋಡಬೇಡಿ. ಇಷ್ಟೆಲ್ಲಾ ಆಯಿತು ಅಂತ ರಕ್ತ ತೆಳು ಮಾಡುವ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಲೂಬೇಡಿ. ಹೊಸ ಸ್ಟೆಂಟ್ ಕಟ್ಟಿಕೊಂಡರೆ ಅದು ಜೀವಕ್ಕೇ ಬರುತ್ತದೆ.

ವೈದ್ಯಕೀಯ ಸಾಧನಗಳಿಂದ ತೊಂದರೆಯಾದರೆ ತಿಳಿಸಲು 2015ರಿಂದ ಕೇಂದ್ರ ಸರ್ಕಾರದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ. ರೋಗಿಯ ಮನೆಯವರೂ ತಿಳಿಸಬಹುದು. ನಾನು ಬರೆಯಲು ಕೂತಾಗ ಬ್ಯಾಚ್ ನಂಬರ್ ಬೇಕಾಯಿತು. ಮೊದಲ ಆಸ್ಪತ್ರೆಗೆ ಮೂರು ಸಲ ಫೋನ್ ಮಾಡಿ, ಕೊನೆಗೆ ಖುದ್ದಾಗಿ ಹೋಗಿ, ಫೈಲಿನಲ್ಲಿ ಅಂಟಿಸಿದ್ದ ಸ್ಟಿಕ್ಕರಿನ ಜೆರಾಕ್ಸ್ ತಂದೆ.

ಅಪ್ಪ ಈಗ ಆರಾಮಿದ್ದಾರೆ. ಗೇಟಿನವರೆಗೆ ನಿಧಾನವಾಗಿ ನಡೆಯುತ್ತಾರೆ. ಕಣಕ್ಕೆ ಇನ್ನೂ ಬಿಟ್ಟಿಲ್ಲ. ಆ ಜೆರಾಕ್ಸ್ ಅವರ ಮಾತ್ರೆ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಟ್ಟಿದ್ದೇನೆ. ‘ಬಲ ತೊಡೆ, ಹೊಲಿಗೆ ಇದೆ, ಉಜ್ಜಬೇಡಿ’ ಅಂತ ಕೆಂಪು ಪೆನ್ನಿನಲ್ಲಿ ಪಕ್ಕದಲ್ಲೇ ಬರೆದಿದ್ದೇನೆ.