ಮನೆ ಹಿಡಿಸೋಕೆ ನಾಲ್ಕು ಸ್ಟಾರ್, ಬಿಡೋವಾಗ ಫೋನೂ ಎತ್ತಲ್ಲ: ಶಿವಮೊಗ್ಗದ ಒಂದು ಬ್ರೋಕರ್ ಸರ್ವಿಸ್

ಮೊದ್ಲೇ ಹೇಳ್ಬಿಡ್ತೀನಿ, ಹೆಸರು ಹಾಕಲ್ಲ. ಊರು ಚಿಕ್ಕದು ಮಾರಾಯ್ರೆ, ಇವತ್ತು ಬರೆದ್ರೆ ನಾಳೆ ಸಂಜೆ ಗಾಂಧಿ ಬಜಾರಲ್ಲಿ ಎದುರಿಗೇ ಸಿಗ್ತಾರೆ, ಮತ್ತೆ ಮನುಷ್ಯ ಕೆಟ್ಟೋರೇನಲ್ಲ. ವಿನೋಬನಗರ, ಗೋಪಾಳ, ರಾಜೇಂದ್ರನಗರ ಕಡೆ ಬಾಡಿಗೆ ಮನೆ ತೋರಿಸಿ ಅಗ್ರಿಮೆಂಟನ್ನೂ ತಾವೇ ಮಾಡಿಸಿಕೊಡೋ ಬ್ರೋಕರ್ ಒಬ್ಬರ ಬಗ್ಗೆ ಇದು. ಮನೆ ಹುಡುಕ್ತಿರೋರು ಓದಿ, ಕೈಯಲ್ಲಿ ದುಡ್ಡಿಲ್ದೆ ಮಧ್ಯದಲ್ಲೇ ಮನೆ ಬಿಡ್ಬೇಕಾಗಿ ಬಂದೋರು ಇನ್ನೂ ಸರಿಯಾಗಿ ಓದಿ.

ಮನೆ ತೋರಿಸೋ ವಿಷಯದಲ್ಲಿ ಒಂದು ಮಾತು ಆಡೋ ಹಾಗಿಲ್ಲ. ಫೆಬ್ರವರಿ ಕೊನೇಲಿ ಫೋನ್ ಮಾಡಿದ್ದು, ಎರಡು ದಿನದಲ್ಲಿ ಐದು ಮನೆ ತೋರಿಸಿದ್ರು, ಕೀ ತಗೊಂಡು ಟೈಮಿಗೆ ಸರಿಯಾಗಿ ಬಂದು ನಿಂತಿರೋರು. ಪೊಲೀಸ್ ಚೌಕಿಯಿಂದ ನಡ್ಕೊಂಡು ಹೋಗೋ ಅಷ್ಟು ದೂರದಲ್ಲಿ ಮಹಡಿ ಮೇಲಿನ ಮನೆ ಒಪ್ಪಿಗೆ ಆಯ್ತು, ಕೆಳಗೆ ಓನರ್ ಅಮ್ಮ ಒಬ್ಬರೇ, ಮಗ ಬೆಂಗಳೂರಲ್ಲಿ. ಬಾಡಿಗೆ 11,000, ಅಡ್ವಾನ್ಸ್ 80,000, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ. "ಮಳೆಗಾಲದಲ್ಲಿ ಪಶ್ಚಿಮದ ಗೋಡೆ ಬೂಸ್ಟು ಹಿಡಿಯತ್ತೆ ಸಾರ್, ಬೀರು ಆ ಕಡೆ ಇಡ್ಬೇಡಿ" ಅಂತ ಅವರೇ ಹೇಳಿದ್ರು, ಯಾವ ಬ್ರೋಕರ್ ಇದನ್ನ ಹೇಳ್ತಾರೆ ಹೇಳಿ. ನಾಲ್ಕು ಸ್ಟಾರ್ ಇದಕ್ಕೇ.

ಎಡವಟ್ಟಾಗಿದ್ದು ಅಗ್ರಿಮೆಂಟಲ್ಲಿ. ಟೈಪಿಂಗ್ ಅಂಗಡಿಯಲ್ಲಿ ಇ-ಸ್ಟ್ಯಾಂಪ್ ಪೇಪರ್ ಮೇಲೆ 11 ತಿಂಗಳಿಗೆ ಅಂತ ಮಾಡಿಸಿದ್ರು. ಎಲ್ರೂ 11 ತಿಂಗಳೇ ಯಾಕೆ ಮಾಡಿಸ್ತಾರೆ ಅಂದ್ರೆ, 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಜಾಸ್ತಿ ಆದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡಿಸ್ಬೇಕು, ಆ ಖರ್ಚು ಆ ಓಡಾಟ ಯಾರಿಗೂ ಬೇಡ. ಅದು ಸರಿ. ಆದ್ರೆ ಟೈಪಿಸ್ಟ್ ಕಂಪ್ಯೂಟರಲ್ಲಿ ಹಳೇ ಫೈಲ್ ತೆಗೆದು ಹೆಸರು, ವಿಳಾಸ, ಮೊತ್ತ ಬದಲಾಯಿಸಿದ್ದು ಬಿಟ್ರೆ ಬೇರೆ ಏನೂ ಮುಟ್ಟಲಿಲ್ಲ, ಹತ್ತೇ ನಿಮಿಷ, ಬ್ರೋಕರ್ ಬೆರಳು ತೋರಿಸಿದ ಕಡೆ ನಾನು ಸೈನ್ ಹಾಕ್ತಾ ಹೋದೆ. ಆಮೇಲೆ ಓದಿದಾಗ ಗೊತ್ತಾಗಿದ್ದು, ತಕರಾರು ಬಂದ್ರೆ ಬೆಂಗಳೂರು ನ್ಯಾಯಾಲಯದ ವ್ಯಾಪ್ತಿ ಅಂತ ಇದೆ! ಮನೆ ವಿನೋಬನಗರದಲ್ಲಿ, ಓನರ್ ಕೆಳಗಡೆ, ಕೋರ್ಟ್ ಬೆಂಗಳೂರಲ್ಲಿ. ಅದ್ಯಾರದೋ ಬೆಂಗಳೂರಿನ ಅಗ್ರಿಮೆಂಟ್ ಇಲ್ಲಿ ತನಕ ಬಂದು ನಮ್ಮ ಕೊರಳಿಗೆ ಬಿದ್ದಿದೆ.

ಅದರಲ್ಲೇ ಒಂಬತ್ತನೇ ಕಂಡಿಷನ್: "ಬಾಡಿಗೆದಾರರು ಕರಾರಿನ ಅವಧಿಗೆ ಮುನ್ನ ಮನೆ ಖಾಲಿ ಮಾಡಿದಲ್ಲಿ ಉಳಿದ ಅವಧಿಯ ಬಾಡಿಗೆಯನ್ನು ಅಡ್ವಾನ್ಸ್ ಹಣದಲ್ಲಿ ಮುರಿದುಕೊಳ್ಳತಕ್ಕದ್ದು." ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಬೇರೆ. ಓನರ್ ಮಾತ್ರ ಎರಡು ತಿಂಗಳು ಮೊದ್ಲು ಹೇಳಿ ಯಾವಾಗ ಬೇಕಾದ್ರೂ ಬಿಡಿಸ್ಬಹುದು.

ಮಾರ್ಚ್ ಒಂದಕ್ಕೆ ಹಾಲು ಉಕ್ಕಿಸಿ ಒಳಗೆ ಹೋದ್ವಿ. ಮೇ ತಿಂಗಳಲ್ಲಿ ನಾನು ಕೆಲಸ ಮಾಡ್ತಿದ್ದ ಕಡೆ ಸಂಬಳ ಅರ್ಧ ಆಯ್ತು, ಜೂನಲ್ಲಿ "ಸದ್ಯಕ್ಕೆ ಬರೋದು ಬೇಡ" ಅಂದ್ರು. ಇಂಥ ಟೈಮಲ್ಲಿ ಊರಿಂದ ಅಪ್ಪ ಕೈ ಹಿಡಿಯೋರು, ಆದ್ರೆ ಹೊಸನಗರ ಕಡೆ ತೋಟ ಇರೋರಿಗೆ ನಾನು ಹೇಳೋದೇ ಬೇಡ, ಎಲೆ ಚುಕ್ಕಿ ರೋಗ ಬಂದ ಮೇಲೆ ಅಡಿಕೆ ಮರದ ಸೋಗೆ ಬೆಂಕಿ ತಾಗಿದ ಹಾಗೆ ಒಣಗಿ ನಿಂತಿದೆ, ಫಸಲು ಅರ್ಧಕ್ಕೆ ಇಳಿದಿದೆ, ಬಂದ ದುಡ್ಡು ಔಷಧಿ ಹೊಡೆಸೋಕೆ ಮತ್ತೆ ಅಡಿಕೆ ಮಂಡಿಯವರ ಸಾಲಕ್ಕೆ ಸರಿ ಹೋಗತ್ತೆ. ನನ್ನ ಹೆಂಡತಿ ಬ್ಲೌಸ್ ಹೊಲಿದು ತಂದ ದುಡ್ಡಲ್ಲಿ ಜೂನ್ ಬಾಡಿಗೆ ಕಟ್ಟಿದ್ವಿ. ಅವತ್ತು ರಾತ್ರಿ ಇಬ್ರೂ ಕೂತು ಲೆಕ್ಕ ಹಾಕಿದ್ವಿ, ಜುಲೈ ಕೊನೆಗೆ ಬಿಟ್ರೆ ಉಳಿಯೋದು ಆರು ತಿಂಗಳು, 66,000, ಪೇಂಟಿಂಗ್ 11,000, ಒಟ್ಟು 77,000. ನಮ್ಮ 80,000ದಲ್ಲಿ ವಾಪಸ್ ಬರೋದು ಮೂರೇ ಸಾವಿರ.

ಬ್ರೋಕರ್‌ಗೆ ಫೋನ್ ಮಾಡಿದೆ. ಎರಡು ದಿನ ಎತ್ತಲಿಲ್ಲ, ಮೂರನೇ ದಿನ ಎತ್ತಿ "ಸಾರ್, ಅಗ್ರಿಮೆಂಟ್ ಆದ್ಮೇಲೆ ನಂದೇನಿಲ್ಲ, ನೀವು ನೀವು ಮಾತಾಡ್ಕೊಳ್ಳಿ." ಒಂಬತ್ತನೇ ಕಂಡಿಷನ್ ಯಾಕೆ ಹೇಳಲಿಲ್ಲ ಅಂದ್ರೆ "ಎಲ್ರಿಗೂ ಅದೇ ಫಾರ್ಮ್ಯಾಟ್ ಸಾರ್." ಆಮೇಲೆ ಅವರೇ ಒಂದು ದಾರಿ ಹೇಳಿದ್ರು, ಬೇರೆ ಪಾರ್ಟಿ ಕರ್ಕೊಂಡು ಬರ್ತೀನಿ, ನೀವು ಅರ್ಧ ತಿಂಗಳ ಬಾಡಿಗೆ ಕೊಡಿ ಅಂತ. ಹೊಸಬರಿಂದ ಒಂದು ತಿಂಗಳದ್ದು ಹೇಗೂ ಬರತ್ತೆ. ಕೆಲಸ ಕಳ್ಕೊಂಡೋನ ಹತ್ರ ಕಮಿಷನ್ ಕೇಳೋಕೆ ಸ್ವಲ್ಪನಾದ್ರೂ ಸಂಕೋಚ ಬೇಕಿತ್ತು, ನನಗೆ ಬೇಜಾರಾಗಿದ್ದು ಅಲ್ಲೇ.

ಮೊಬೈಲಲ್ಲಿ ಹುಡುಕಿದ್ರೆ 15 ದಿನ ನೋಟೀಸ್ ಕೊಟ್ರೆ ಸಾಕು ಅಂತ ಎಲ್ಲಾ ಕಡೆ ಬರೆದಿದ್ರು, ನಾನೂ ಖುಷಿಯಾಗಿಬಿಟ್ಟೆ. ಅದು ಪೂರ್ತಿ ನಿಜ ಅಲ್ಲ. ನನ್ನ ಹೆಂಡತಿ ಜೊತೆ ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದ್ವಿ, ಹೆಂಗಸರಿಗೆ ಆದಾಯ ಎಷ್ಟೇ ಇದ್ರೂ ಉಚಿತ ಕಾನೂನು ನೆರವು ಸಿಗತ್ತೆ, 1987ರ ಕಾಯ್ದೆಯಲ್ಲೇ ಇದೆ, ಅಗ್ರಿಮೆಂಟಲ್ಲಿ ಅವಳ ಸೈನೂ ಇತ್ತು. (ಇವರಿಗೆ ಐದಕ್ಕೆ ಐದು. ಹೋಗೋಕಾಗದೇ ಇದ್ರೆ 15100ಗೆ ಫೋನ್ ಮಾಡ್ಬಹುದು.) ಅಲ್ಲಿದ್ದ ಲಾಯರ್ ಮೇಡಂ ಅಗ್ರಿಮೆಂಟ್ ಪೂರ್ತಿ ಓದಿದ್ರು, ಬೆಂಗಳೂರು ಕೋರ್ಟ್ ಅನ್ನೋ ಲೈನಿಗೆ ಬಂದಾಗ ನಕ್ಕರು. ಅವರು ಹೇಳಿದ್ದು ನನಗೆ ಅರ್ಥ ಆದಷ್ಟು ಬರೀತೀನಿ.

15 ದಿನದ ನೋಟೀಸ್ 1882ರ ಸ್ವತ್ತು ವರ್ಗಾವಣೆ ಕಾಯ್ದೆ 106ನೇ ಸೆಕ್ಷನ್, ಅದು ತಿಂಗಳ ಬಾಡಿಗೆಗೆ, ಅದೂ ಬೇರೆ ಥರ ಕರಾರು ಇಲ್ಲದೇ ಇದ್ರೆ ಮಾತ್ರ. ನಮಗೆ ಕರಾರು ಇದೆ, ಸೈನ್ ಹಾಕಿದ್ದೀವಿ. ರಾಜ್ಯದ 1999ರ ಬಾಡಿಗೆ ಕಾಯ್ದೆ ಅಂತೂ 3,500 ದಾಟಿದ ಬಾಡಿಗೆಗೆ ಬರೋದೇ ಇಲ್ಲ, ಈಗ ಆ ರೇಟಿಗೆ ಮನೆ ಎಲ್ಲಿದೆ. ಹಾಗಂತ ಒಂಬತ್ತನೇ ಕಂಡಿಷನಲ್ಲಿ ಬರೆದಷ್ಟನ್ನೂ ಮುರ್ಕೊಳ್ಳೋಕೂ ಆಗಲ್ಲ. 1872ರ ಕರಾರು ಕಾಯ್ದೆ 74ನೇ ಸೆಕ್ಷನ್ ಪ್ರಕಾರ ದಂಡ ಅಂತ ಎಷ್ಟೇ ಬರೆದಿದ್ರೂ ಕೋರ್ಟು ಕೊಡಿಸೋದು ನ್ಯಾಯವಾದ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮೇಲಿನ ಮಿತಿ ಅಷ್ಟೇ. ಮನೆಗೆ ಇನ್ನೊಬ್ಬರು ಬಂದು ಬಾಡಿಗೆ ಕಟ್ಟೋಕೆ ಶುರು ಮಾಡಿದ ಮೇಲೆ ಅದೇ ತಿಂಗಳ ಬಾಡಿಗೆ ನಮ್ಮಿಂದಲೂ ತಗೊಂಡ್ರೆ ಅದು ನಷ್ಟ ಅಲ್ಲ, ಲಾಭ. ಆಮೇಲೆ ಇನ್ನೊಂದು ಹೇಳಿದ್ರು, "ಅಡ್ವಾನ್ಸಲ್ಲೇ ಮುರ್ಕೊಳ್ಳಿ ಅಂತ ಬಾಡಿಗೆ ನಿಲ್ಲಿಸಿ ಕೂರ್ಬೇಡಿ, ಆಗ ತಪ್ಪು ನಿಮ್ದಾಗತ್ತೆ. ಕೋರ್ಟಿಗೂ ಬರ್ಬೇಡಿ, ಹೋಗಿ ಆ ಅಮ್ಮನ ಹತ್ರ ಮಾತಾಡಿ."

ನಾನು ಜುಲೈ ಒಂದಕ್ಕೆ ಪತ್ರ ಬರೆದೆ, ಕೆಲಸ ಹೋಗಿದೆ, 31ಕ್ಕೆ ಖಾಲಿ ಮಾಡ್ತೀವಿ, ಹೊಸ ಬಾಡಿಗೆದಾರರನ್ನ ನಾವೇ ಹುಡುಕಿಕೊಡ್ತೀವಿ, ಅಲ್ಲಿ ತನಕ ಖಾಲಿ ಬಿದ್ದ ದಿನಗಳ ಬಾಡಿಗೆ ನಮ್ದು ಅಂತ. ಎರಡು ಕಾಪಿ, ಒಂದರ ಮೇಲೆ ಅಮ್ಮನ ಸೈನ್. ಅಮ್ಮ ಕನ್ನಡಕ ಹಾಕ್ಕೊಂಡು ಎರಡು ಸಲ ಓದಿ "ಮೊದ್ಲೇ ಹೇಳ್ಬಾರ್ದಿತ್ತೇನಪ್ಪ, ಮಗು ಇಟ್ಕೊಂಡು ಎಷ್ಟು ಕಷ್ಟಪಟ್ರಿ" ಅಂದು ಕಾಫಿ ಕೊಟ್ರು. ಮಗನಿಗೆ ಸ್ಪೀಕರಲ್ಲಿ ಫೋನ್ ಮಾಡಿದ್ರೆ ಆತ "ಅಗ್ರಿಮೆಂಟ್ ಅಂದ್ರೆ ಅಗ್ರಿಮೆಂಟ್ ಅಮ್ಮ" ಅಂತ ಹಿಡಿದ ಪಟ್ಟು ಬಿಡಲಿಲ್ಲ. ಅವನನ್ನೂ ಬೈಯೋಕೆ ಮನಸ್ಸು ಬರಲ್ಲ, ಅಮ್ಮನ ಔಷಧಿ, ಕೆಲಸದವಳ ಸಂಬಳ ಎಲ್ಲ ಆ ಬಾಡಿಗೆಯಲ್ಲೇ ನಡೀತಿತ್ತು, ನಮ್ಮ ಅಡ್ವಾನ್ಸ್ ಅವರ ಹತ್ರ ಇರಲೂ ಇಲ್ಲ, ಅವರ ಕಣ್ಣಿನ ಆಪರೇಷನಿಗೆ ಖರ್ಚಾಗಿತ್ತು. ಸುಮಾರು ಮನೆಗಳಲ್ಲಿ ಹೀಗೇ, ಹೊಸಬರ ಅಡ್ವಾನ್ಸ್ ಬಂದ ಮೇಲೇನೇ ಹಳಬರದ್ದು ವಾಪಸ್ಸು.

ಆಷಾಢ ನಡೀತಿತ್ತು. ಆಷಾಢದಲ್ಲಿ ನಮ್ಮ ಕಡೆ ಯಾರು ಮನೆ ಬದಲಾಯಿಸ್ತಾರೆ, ನೋಡೋಕೂ ಬರಲ್ಲ. ಗೇಟಿಗೆ ಬೋರ್ಡ್ ಹಾಕಿದ್ವಿ, ಮಳೆಗೆ ಎರಡು ಸಲ ಅಕ್ಷರ ತೊಳ್ಕೊಂಡು ಹೋಯ್ತು, ಕಿರಾಣಿ ಅಂಗಡಿಯಲ್ಲಿ ಚೀಟಿ ಅಂಟಿಸಿದ್ವಿ, ವಾಟ್ಸಾಪ್ ಸ್ಟೇಟಸ್ ಹಾಕಿದ್ವಿ. ಕೊನೆಗೆ ನನ್ನ ಹೆಂಡತಿ ಹತ್ರ ಬ್ಲೌಸ್ ಹೊಲಿಸೋ ಒಬ್ಬರು ಮೆಗ್ಗಾನ್ ಆಸ್ಪತ್ರೆ ನರ್ಸ್, ಅವರ ಪರಿಚಯದವರೇ ಒಪ್ಪಿದ್ರು, ಆದ್ರೆ ಶ್ರಾವಣದಲ್ಲೇ ಬರೋದು ಅಂದ್ರು. ನಾವು ಹೇಳಿದ ದಿನ ಟಾಟಾ ಏಸಿಗೆ ಟಾರ್ಪಾಲ್ ಕಟ್ಟಿ ಆಯನೂರು, ರಿಪ್ಪನ್‌ಪೇಟೆ ಮೇಲೆ ಊರಿಗೆ ಹೋದ್ವಿ, ಹಾಸಿಗೆ ಒದ್ದೆ ಆಗಿದ್ದು ಬಿಟ್ರೆ ಬೇರೇನೂ ಹಾಳಾಗಲಿಲ್ಲ.

ಹೊಸಬರು ಬಂದಿದ್ದು ಆಗಸ್ಟ್ 19ಕ್ಕೆ. 18 ದಿನ ಖಾಲಿ, ತಿಂಗಳಿಗೆ 30 ದಿನ ಅಂತ ಹಿಡಿದು 6,600. ಪೇಂಟಿಂಗಿಗೆ 11,000 ಅಂತ ಮಗ ಪಟ್ಟು ಹಿಡಿದ, ಐದು ತಿಂಗಳಿಗೆ ಎಂಥ ಪೇಂಟಿಂಗ್ ಅಂತ ನಾನು, ಬೂಸ್ಟು ಹಿಡಿದ ಗೋಡೆ ಇರೋ ರೂಮು ಮತ್ತೆ ಹಾಲ್ ಮಾತ್ರ ಹೊಡೆಸಿ ಆದ ಖರ್ಚು 6,500 ಹಿಡ್ಕೊಂಡ್ರು. ಗೋಡೆ ಬೂಸ್ಟು ಹಿಡಿದಿದ್ದು ನಮ್ಮಿಂದಲಾ ಮಳೆಯಿಂದಲಾ ಅಂತ ವಾದ ಮಾಡ್ಬಹುದಿತ್ತು, ಸಾಕಾಗಿತ್ತು, ಬಿಟ್ಟೆ. ಉಳಿದ 66,900ರಲ್ಲಿ 40,000 ಹೊಸಬರು ಬಂದ ದಿನವೇ ಅಕೌಂಟಿಗೆ ಬಂತು, 26,900 ಗಣೇಶನ ಹಬ್ಬ ಮುಗಿದ ಮೇಲೆ.

ಬ್ರೋಕರ್‌ಗೆ ಒಟ್ಟು ಎರಡು ಸ್ಟಾರ್. ಮನೆ ಬೇಕಾದ್ರೆ ಅವರಿಗೇ ಫೋನ್ ಮಾಡಿ, ನಾನೂ ಮುಂದೆ ಮಾಡ್ಬಹುದು. ಅಗ್ರಿಮೆಂಟ್ ಡ್ರಾಫ್ಟನ್ನ ಹಿಂದಿನ ದಿನವೇ ವಾಟ್ಸಾಪಲ್ಲಿ ಕಳಿಸಿ ಅಂತ ಹೇಳಿ, ಬೇಗ ಬಿಟ್ರೆ ಎಷ್ಟು ಮುರ್ಕೊಳ್ತಾರೆ ಅನ್ನೋ ಲೈನ್ ಹುಡುಕಿ, ಇಬ್ಬರಿಗೂ ಒಂದೋ ಎರಡೋ ತಿಂಗಳ ನೋಟೀಸ್ ಅಂತ ಬದಲಾಯಿಸೋಕೆ ಹೇಳಿ. ಅದೇ ಹತ್ತು ನಿಮಿಷದ ಟೈಪಿಂಗ್, ಬದಲಾಯಿಸೋಕೆ ದುಡ್ಡೇನೂ ಜಾಸ್ತಿ ಆಗಲ್ಲ. ಓನರ್ ಅಮ್ಮನಿಗೆ ನಾಲ್ಕೂವರೆ, ಅರ್ಧ ಕಮ್ಮಿ ಮಗನ ಲೆಕ್ಕಕ್ಕೆ.

ಇದನ್ನ ಬರೀತಾ ಇರ್ಬೇಕಾದ್ರೇ ಹೊಸ ಬಾಡಿಗೆದಾರರ ಫೋನ್ ಬಂತು, ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಗೆ ಅರ್ಜಿ ಹಾಕೋಕೆ ಹೋದ್ರೆ ಆ ಮೀಟರಿನ ಆರ್‌ಆರ್ ನಂಬರ್ ಇನ್ನೂ ನನ್ನ ಆಧಾರಿಗೇ ಲಿಂಕ್ ಆಗಿದೆಯಂತೆ ಪಾಪ. ಡಿ-ಲಿಂಕ್ ಮಾಡೋದು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಲ್ಲಿದೆ, ಊರಲ್ಲಿ ಮಳೆಗೆ ನೆಟ್‌ವರ್ಕ್ ಬೇರೆ ಇಲ್ಲ, ನಾಳೆ ರಿಪ್ಪನ್‌ಪೇಟೆಗೆ ಹೋಗಿ ಮಾಡಿಸ್ಬೇಕು.