ದೊಡ್ಡವರ ಮೊದಲ ಪಿಯಾನೊ: ಯಮಹಾ ಪಿ-45

ನಲವತ್ತರ ನಂತರ ಪಿಯಾನೊ ಹಿಡಿಯುವವರು 61 ಕೀಗಳ ಹಗುರ ಕೀಬೋರ್ಡ್ ಕೊಂಡು ಆಮೇಲೆ ಪರದಾಡುವುದೇ ಹೆಚ್ಚು. ಅದರಲ್ಲಿ ಪಳಗಿದ ಬೆರಳು ನಿಜವಾದ ಪಿಯಾನೊ ಮುಂದೆ ಬೇಗ ಸೋಲುತ್ತದೆ. ಯಮಹಾದ ಡಿಜಿಟಲ್ ಪಿಯಾನೊ ಪಿ-45ರಲ್ಲಿ 88 ಕೀಗಳೂ ನಿಜವಾದ ಪಿಯಾನೊದ ಹಾಗೆ ಒತ್ತಲು ತೂಕದವು, ಎಡಗಡೆ ಭಾರ, ಬಲಕ್ಕೆ ಹೋದಂತೆ ಹಗುರ. ಕಪ್ಪು ಕೀಗಳ ಮೇಲ್ಮೈ ಮ್ಯಾಟ್ ಆಗಿರುವುದರಿಂದ ಬೆವರಿದ ಬೆರಳೂ ಜಾರುವುದಿಲ್ಲ. ಮೆತ್ತಗೆ ಒತ್ತಿದರೆ ಮೆತ್ತಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುತ್ತದೆ. ಕಲಿಯುವವರಿಗೆ ದೊಡ್ಡ ಖುಷಿ ಇದೇ.

ತೂಕ 11.5 ಕಿಲೊ. ಹೆಡ್‌ಫೋನ್ ಹಾಕಿದರೆ ರಾತ್ರಿ ಹತ್ತಕ್ಕೂ ಅಭ್ಯಾಸ ಮಾಡಬಹುದು, ಆದರೆ ರಂಧ್ರ ದಪ್ಪ ಪಿನ್ನಿನದು. ಮಾಮೂಲಿ ಹೆಡ್‌ಫೋನಿಗೆ 6.35 ಮಿ.ಮೀ. ಅಡಾಪ್ಟರ್ ಬೇಕು.

ಕೊರತೆಗಳೂ ಇವೆ. ಸ್ವರವನ್ನು ಎಳೆದು ಹಿಡಿಯಲು ಜೊತೆಗೆ ಬರುವ ಕಾಲಿನ ಪೆಡಲ್ ಪುಟ್ಟ ಡಬ್ಬಿಯಂತಿದ್ದು ನಯವಾದ ನೆಲದ ಮೇಲೆ ಹಿಂದಕ್ಕೆ ಸರಿಯುತ್ತದೆ. ಕೆಳಗೊಂದು ರಬ್ಬರ್ ಮ್ಯಾಟ್ ಹಾಸಿ. ಒಮ್ಮೆಗೆ 64 ಸ್ವರಗಳಷ್ಟೇ ನುಡಿಯುವುದರಿಂದ, ಪೆಡಲ್ ಒತ್ತಿಟ್ಟು ವೇಗವಾಗಿ ನುಡಿಸಿದರೆ ಹಳೆಯ ಸ್ವರ ಕಡಿದುಹೋಗುತ್ತದೆ. ರೆಕಾರ್ಡರ್ ಇಲ್ಲ. ಯುಎಸ್‌ಬಿಯಲ್ಲಿ ಹೋಗುವುದು ಮಿಡಿ (ಯಾವ ಕೀ, ಎಷ್ಟು ಜೋರಾಗಿ ಒತ್ತಿದಿರಿ ಎಂಬ ಮಾಹಿತಿ) ಮಾತ್ರ, ಧ್ವನಿಯಲ್ಲ. ಕಲಿತದ್ದನ್ನು ಗೆಳೆಯರಿಗೆ ಕಳಿಸಲು ಫೋನನ್ನು ಒಂದು ಮೀಟರ್ ದೂರವಿಟ್ಟು ರೆಕಾರ್ಡ್ ಮಾಡಿ. ಹತ್ತಿರವಿಟ್ಟರೆ ಕೀಗಳ ಟಕಟಕ ಸದ್ದೇ ಮುಂದೆ ಬರುತ್ತದೆ.

ಎಕ್ಸ್ ಆಕಾರದ ಸ್ಟ್ಯಾಂಡ್ ಅಲುಗಾಡುತ್ತದೆ, ಮೊಣಕಾಲಿಗೂ ತಾಗುತ್ತದೆ. ಮರದ ಸ್ಟ್ಯಾಂಡಿಗೆ ದುಡ್ಡು ಹಾಕಿ. ಮೊಣಕೈ ಕೀಗಳ ಮಟ್ಟಕ್ಕೆ ಬರುವಷ್ಟು ಆಸನ ಏರಿಸಿಕೊಳ್ಳಿ, ಇಲ್ಲದಿದ್ದರೆ ಅರ್ಧ ಗಂಟೆಗೇ ಭುಜ ಹಿಡಿದುಕೊಳ್ಳುತ್ತದೆ.