ಮಾಲ್ಡೀವ್ಸ್ ಪ್ಯಾಕೇಜಿನಲ್ಲಿ ‘ಐಲ್ಯಾಂಡ್ ಟ್ಯಾಕ್ಸ್’ ಅಂತ ಬರೆದಿದ್ದರೆ ಒಂದು ರೂಪಾಯಿನೂ ಕೊಡಬೇಡಿ

ಕಲಬುರಗಿ ಮಂದಿ ಯಾರಾದರೂ ರಜೆಗೆ ಮಾಲ್ಡೀವ್ಸ್, ಬಾಲಿ ಅಂತ ಪ್ಯಾಕೇಜ್ ಮಾತಾಡಿದ್ದರೆ ರೊಕ್ಕ ಹಾಕುವ ಮೊದಲು ಇದನ್ನು ಓದಿ. ನಮ್ಮೂರಿನ ಒಬ್ಬ ಟ್ರಾವೆಲ್ ಏಜೆಂಟ್ ನಮ್ಮ ಕೈಯಿಂದ ಒಂದೇ ಟ್ಯಾಕ್ಸನ್ನು ಎರಡು ಸಲ ಕಟ್ಟಿಸಿದ್ದಾನೆ. ಕೇಳಿದರೆ ನಮಗೇ ಬುದ್ಧಿ ಹೇಳುತ್ತಾನೆ.

ಹೋದವರು ಅಪ್ಪ, ಅವ್ವ, ನಾನು, ನನ್ನ ಹೆಂಡತಿ, ಇನ್ನೂ ಎರಡು ವರ್ಷ ತುಂಬದ ಮಗಳು. ಟಿಕೆಟ್, ರೂಮು, ಊಟ, ಸ್ಪೀಡ್‌ಬೋಟ್ ಎಲ್ಲ ಸೇರಿ ಒಂದು ರೇಟು. ಅದರ ಕೆಳಗೆ ಬೇರೆಯಾಗಿ ಒಂದು ಸಾಲು: ಐಲ್ಯಾಂಡ್ ಟ್ಯಾಕ್ಸ್, ತಲೆಗೆ ರಾತ್ರಿಗೆ 12 ಡಾಲರ್, ಐದು ಮಂದಿ. ಇದೇನ್ರಿ ಅಂತ ಕೇಳಿದ್ದಕ್ಕೆ, “ಅಲ್ಲಿ ಸರ್ಕಾರ ತಗೋತದ ಸರ್. 2025ರಿಂದ ಡಬಲ್ ಮಾಡ್ಯಾರ. ಇಲ್ಲೇ ಕಟ್ಟಿಬಿಟ್ರ ಅಲ್ಲಿ ಒಂದ್ ಪೈಸಾನೂ ಕೊಡೋ ಕೆಲಸ ಇಲ್ಲ” ಅಂದ. ಡಬಲ್ ಆಗಿದ್ದು ಖರೆ. ಖರೆ ಮಾತಿನ ಜೊತೆಗೇ ಸುಳ್ಳು ಸೇರಿಸಿದ್ದ.

ಉಳಿದಿದ್ದು ಮಾಫುಶಿ ದ್ವೀಪದ ಸಣ್ಣ ಗೆಸ್ಟ್‌ಹೌಸಿನಲ್ಲಿ. ಅಲ್ಲಿನವರ ಮೇಲೆ ನನ್ನ ತಕರಾರು ಏನೂ ಇಲ್ಲ, ಮಂದಿ ಛಲೋ. ಹೊರಡುವ ದಿನ ಕೌಂಟರಿನ ಹುಡುಗ ಒಂದು ಬಿಲ್ಲು ಮುಂದಿಟ್ಟ. ಗ್ರೀನ್ ಟ್ಯಾಕ್ಸ್ (ಅಲ್ಲಿನ ಸರ್ಕಾರ ಪ್ರವಾಸಿಗರ ಮೇಲೆ ಹಾಕುವ ಟ್ಯಾಕ್ಸ್), ತಲೆಗೆ ರಾತ್ರಿಗೆ 6 ಡಾಲರ್, ನಾಲ್ಕು ಮಂದಿ. ಕಟ್ಟಿ ಬಂದಿದ್ದೇವೆ ಅಂದೆ. ಯಾರಿಗೆ ಅಂತ ಕೇಳಿದ. ಏಜೆಂಟ್‌ಗೆ ಅಂದೆ. ಅವನು ಮಾತಾಡದೆ ಮಾನಿಟರ್ ನನ್ನ ಕಡೆ ತಿರುಗಿಸಿದ. ಅವರು ಏಜೆಂಟ್‌ಗೆ ಕಳಿಸಿದ್ದ ವೋಚರ್, ಎರಡು ಪುಟ. ನನಗೆ ವಾಟ್ಸಾಪಿನಲ್ಲಿ ಬಂದಿದ್ದು ಮೊದಲ ಪುಟ ಮಾತ್ರ! ಎರಡನೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಗ್ರೀನ್ ಟ್ಯಾಕ್ಸ್ ಬಾಡಿಗೆಯಲ್ಲಿ ಸೇರಿಲ್ಲ, ಅತಿಥಿಗಳು ಇಲ್ಲೇ ಕೊಡಬೇಕು, ಎರಡು ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ಮಗಳಿಗೆ ಟ್ಯಾಕ್ಸೇ ಇಲ್ಲ. ಹಾಲು ಕುಡಿಯುವ ಕೂಸಿನ ಹೆಸರಲ್ಲೂ ರೊಕ್ಕ ತಗೊಂಡಿದ್ದಾನೆ. 12 ಡಾಲರ್ ರೆಸಾರ್ಟ್‌ಗಳ ರೇಟು. ಊರಿರುವ ದ್ವೀಪದಲ್ಲಿ 50 ರೂಮಿನೊಳಗಿನ ಗೆಸ್ಟ್‌ಹೌಸ್‌ಗೆ 6. ಅಂದರೆ ರಾತ್ರಿಗೆ 24 ಡಾಲರ್ ಆಗುವ ಕಡೆ 60 ಹಿಡಿದಿದ್ದಾನೆ. ಆ 60ರಲ್ಲಿ ಒಂದು ಡಾಲರೂ ಅಲ್ಲಿಗೆ ಮುಟ್ಟಿಲ್ಲ.

ಬೋಟಿನ ಹೊತ್ತಾಗಿತ್ತು. ಹಿಂದೆ ಬೇರೆಯವರು ಬ್ಯಾಗ್ ಹಿಡಿದು ನಿಂತಿದ್ದರು. ಅವರ ಕಾರ್ಡ್ ಮಷೀನ್ ನಡೆಯಲಿಲ್ಲ, ಡಾಲರೇ ಕೊಡಿ ಅಂದ ಹುಡುಗ. ಅಪ್ಪ ಗೋಡೆ ಕಡೆ ತಿರುಗಿ, ಅಂಗಿ ಗುಂಡಿ ಬಿಚ್ಚಿ, ಬನಿಯನ್ ಕಿಸೆಯಿಂದ ಮಡಚಿಟ್ಟಿದ್ದ ನೋಟು ತೆಗೆದು ಒಂದೊಂದಾಗಿ ಕೌಂಟರ್ ಮೇಲೆ ಇಟ್ಟರು. ಮೊಮ್ಮಗಳಿಗೆ ಏನಾದರೂ ಕೊಡಿಸೋಣ ಅಂತ ಇಟ್ಟುಕೊಂಡಿದ್ದ ರೊಕ್ಕ. ಅವರ ಮುಖ ನೋಡಲು ನನಗೆ ಆಗಲಿಲ್ಲ.

ಬೋಟಿನಲ್ಲಿ ಕೂತೇ ಮೆಸೇಜ್ ಹಾಕಿದೆ. ಬಂದ ಉತ್ತರ: “ಅದು ಗ್ರೀನ್ ಟ್ಯಾಕ್ಸ್ ಸರ್. ನಾವು ತಗೊಂಡಿದ್ದು ಐಲ್ಯಾಂಡ್ ಟ್ಯಾಕ್ಸ್. ಎರಡೂ ಬ್ಯಾರೆ ಬ್ಯಾರೆ.”

ಬ್ಯಾರೆ ಬ್ಯಾರೆ ಅಂತೆ! ಮಾಲ್ಡೀವ್ಸ್‌ನಲ್ಲಿ ತಲೆಗೆ, ರಾತ್ರಿಗೆ ಅಂತ ಲೆಕ್ಕ ಹಾಕುವ ಟ್ಯಾಕ್ಸ್ ಅಂದರೆ ಗ್ರೀನ್ ಟ್ಯಾಕ್ಸ್. ಟಿಜಿಎಸ್‌ಟಿ, ಅಂದರೆ ಪ್ರವಾಸೋದ್ಯಮದ ಜಿಎಸ್‌ಟಿ, 2025ರ ಜುಲೈಯಿಂದ ಶೇ 17 ಇದೆ, ಅದು ಬಿಲ್ಲಿನ ಮೇಲೆ ಶೇಕಡಾ ಲೆಕ್ಕ. ವಾಪಸ್ ಬರುವಾಗಿನ ಡಿಪಾರ್ಚರ್ ಟ್ಯಾಕ್ಸ್ ಎಕಾನಮಿಗೆ 50 ಡಾಲರ್, ಅದು ವಿಮಾನದ ಟಿಕೆಟಿನಲ್ಲೇ ಸೇರಿರುತ್ತದೆ. ಇವನ ಐಲ್ಯಾಂಡ್ ಟ್ಯಾಕ್ಸ್ ಯಾವ ಸರ್ಕಾರದ್ದು?

ಕಟ್ಟಿದ ರಸೀದಿ ಕಳಿಸು ಅಂದೆ. “ಅವರ ಗೌರ್ಮೆಂಟ್ ರಸೀದಿ ಕೊಡಂಗಿಲ್ರಿ.” ಗೆಸ್ಟ್‌ಹೌಸ್ ಕೊಟ್ಟ ರಸೀದಿಯ ಫೋಟೊ ಹಾಕಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಊರಿಗೆ ಬಂದು ಅಪ್ಪನನ್ನು ಕರೆದುಕೊಂಡೇ ಅವನ ಆಫೀಸಿಗೆ ಹೋದೆ. ಚಹಾ ತರಿಸಿದ. ನನ್ನನ್ನು ಬಿಟ್ಟು ಅಪ್ಪನಿಗೇ ಹೇಳಿದ: “ಕಾಕಾ, ಇಷ್ಟ್ ಖರ್ಚ್ ಮಾಡಿ ಫಾರಿನ್ ನೋಡಿ ಬಂದೀರಿ, ಹಿಂತಾ ಸಣ್ಣ ಮಾತಿಗಿ ಯಾಕ ತಲಿ ಕೆಡಿಸ್ಕೋತೀರಿ? ಮುಂದಿನ ಟ್ರಿಪ್‌ನಾಗ ಅಡ್ಜಸ್ಟ್ ಮಾಡ್ತೀನಿ.” ಸಣ್ಣ ಮಾತಂತೆ. ಅಪ್ಪ ಚಹಾ ಮುಟ್ಟದೆ ಎದ್ದರು.

ಮನೆಯಲ್ಲಿ ಕೂತು ಬಿಲ್ಲು ಮತ್ತೆ ನೋಡಿದರೆ ‘ವೀಸಾ ಚಾರ್ಜ್’ ಅಂತಲೂ ಇದೆ. ನಮ್ಮವರಿಗೆ ಅಲ್ಲಿ ಇಳಿದ ಮೇಲೆ ಪ್ರವಾಸಿ ವೀಸಾ ಪುಕ್ಕಟೆ. ಪ್ರಯಾಣಕ್ಕೆ ಮುಂಚಿನ 96 ಗಂಟೆಯೊಳಗೆ ತುಂಬುವ ಇಮುಗಾ ಅನ್ನುವ ಪ್ರಯಾಣಿಕರ ವಿವರದ ಆನ್‌ಲೈನ್ ಫಾರ್ಮೂ ಪುಕ್ಕಟೆ, ಫೋನಿನಲ್ಲೇ ಆಗುತ್ತದೆ. ಇಂಥವಕ್ಕೆಲ್ಲ ಇವರಿಗೆ ರೊಕ್ಕ ಯಾಕೆ?

ವೋಚರಿನ ಎಲ್ಲ ಪುಟ ಕೇಳಿ. ಗೆಸ್ಟ್‌ಹೌಸಿಗೆ ನೀವೇ ಒಂದು ಮೇಲ್ ಹಾಕಿ, ಗ್ರೀನ್ ಟ್ಯಾಕ್ಸ್ ಯಾರು ಕಟ್ಟಬೇಕು ಅಂತ ಕೇಳಿ. ಏಜೆಂಟ್ ಮುಖ ನೋಡಿ ನಂಬಬೇಡಿ, ಚಹಾ ಕುಡಿಸುವವರನ್ನಂತೂ ನಂಬಲೇಬೇಡಿ.

ಈಗ ಅವನೇ ಶಹಾಬಾದಿನ ನಮ್ಮ ಅಕ್ಕನ ಮನೆಯವರಿಗೆ ಬಾಲಿ ಕೊಟೇಶನ್ ಕಳಿಸಿದ್ದಾನೆ. ಅದರಲ್ಲೂ ತಲೆಗೆ, ರಾತ್ರಿಗೆ ಅಂತ ಅದೇ ಸಾಲು! ಬಾಲಿಯಲ್ಲಿ 2024ರ ಫೆಬ್ರವರಿ 14ರಿಂದ ವಿದೇಶಿಯರಿಗೆ ಹಾಕಿರುವುದು ತಲೆಗೆ ಒಂದೂವರೆ ಲಕ್ಷ ರುಪಿಯಾ, ನಮ್ಮ ಲೆಕ್ಕದಲ್ಲಿ ಸಾವಿರ ರೂಪಾಯಿಯೊಳಗೆ. ಅದೂ ಪ್ರವಾಸಕ್ಕೆ ಒಂದೇ ಸಲ, ರಾತ್ರಿಗಲ್ಲ. ಲವ್ ಬಾಲಿ ಅನ್ನುವ ಅವರ ಸರ್ಕಾರಿ ಜಾಲತಾಣದಲ್ಲಿ ನೀವೇ ಕಟ್ಟಬಹುದು.

ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೂ ಕಾಗದ ತಯಾರಿದೆ. ಯಾರ ಬಿಲ್ಲಿನಲ್ಲಿ ಈ ಐಲ್ಯಾಂಡ್ ಟ್ಯಾಕ್ಸ್ ಸಾಲು ಇದೆಯೋ ಅವರು ನನಗೆ ಮೆಸೇಜ್ ಮಾಡಿ, ಕೂಡಿಯೇ ಹೋಗೋಣ.